ಮನೆಯಲ್ಲಿ ವಿದ್ಯುತ್ ಕಾರಿನ ಚಾರ್ಜರ್: ಮೊದಲು ಅರ್ಥಿಂಗ್, ಆಮೇಲೆ ಪೆಟ್ಟಿಗೆ



ನಮ್ಮ ತೋಟದ ಮನೆಗಳ ಅಂಗಳಕ್ಕೂ ಈಗ ವಿದ್ಯುತ್ ಕಾರು ಬರಲಾರಂಭಿಸಿದೆ. ಸಂಘದ ಕಛೇರಿಗೆ ಬಂದವರು ಕೇಳುವ ಪ್ರಶ್ನೆ, “ಯಾವ ಚಾರ್ಜರ್ ಒಳ್ಳೆಯದು?” ಎಂಬುದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, “ನಮ್ಮ ಮನೆಯ ಅರ್ಥಿಂಗ್ ಸರಿಯಾಗಿದೆಯೆ?” ಎಂಬುದಾಗಿದೆ. ಈ ಪಾಠವನ್ನು ನಾನು ಕಲಿತದ್ದು ಮಲೆನಾಡಿನಲ್ಲಲ್ಲ, ಕೊಪ್ಪಳ ಜಿಲ್ಲೆಯ ಸಾಣಾಪುರದಲ್ಲಿ.

ಸಾಣಾಪುರದಲ್ಲಿ ನಡೆದದ್ದು

ನನ್ನ ತಂಗಿಯನ್ನು ಕೊಟ್ಟಿರುವುದು ಆ ಊರಿಗೆ. ಆನೆಗುಂದಿಗೆ ಸಮೀಪ, ಸುತ್ತ ಬಂಡೆಗಲ್ಲಿನ ಗುಡ್ಡ, ನಡುವೆ ಭತ್ತದ ಗದ್ದೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಭಾವನವರ ಹೊಸ ಕಾರು ಚಾರ್ಜ್ ಆಗಲು ಒಪ್ಪುತ್ತಿರಲಿಲ್ಲ. ಚಾರ್ಜರಿನ ಕೆಂಪು ದೀಪ ಉರಿಯುತ್ತಿತ್ತು. ಅರ್ಥಿಂಗ್ ಇಲ್ಲವೆಂಬುದೇ ಅದರ ಅರ್ಥ. ಮನೆ ಕಟ್ಟಿಸಿದಾಗ ಹೂಳಿದ್ದ ಅರ್ಥಿಂಗ್ ಕೊಳವೆಯ ಬುಡ ಒಣಗಿ ಕಲ್ಲಾಗಿತ್ತು. ಕರೆಸಿದ ಮೆಕ್ಯಾನಿಕ್, “ಚಿಂತಿ ಯಾಕ ಮಾಡ್ತೀರಿ ಸಾಹೇಬ್ರ? ಒಂದು ತುಂಡು ವೈರ್ ಹಾಕಿದ್ರ ಆತು” ಎಂದು ಪ್ಲಗ್ ಪಾಯಿಂಟಿನೊಳಗೆ ನ್ಯೂಟ್ರಲ್ಲಿಗೂ ಅರ್ಥಿಂಗ್ ತೂತಿಗೂ ಒಂದು ತಂತಿ ಬಿಗಿದ. ದೀಪ ಹಸಿರಾಯಿತು. ಪದವಿ ಪಡೆದ ನಾನೂ ತಲೆಯಾಡಿಸಿದೆ.

ಸಂಜೆ ಬಂದ ನೆರೆಮನೆಯವರು ನಿವೃತ್ತ ಲೈನ್‌ಮನ್. ನೋಡಿದವರೇ ಮೇನ್ ಸ್ವಿಚ್ ಇಳಿಸಿದರು. ಅವರು ವಿವರಿಸಿದ ಕಾರಣ ಇಷ್ಟು: ಗಾಳಿಗೋ ಸಡಿಲು ಜೋಡಣೆಗೋ ನ್ಯೂಟ್ರಲ್ ತಂತಿ ಕಡಿದರೆ, ಮನೆಯ ಬಲ್ಬು, ಫ್ಯಾನುಗಳ ಮೂಲಕ ಹಾದು ಬಂದ ಫೇಸಿನ ವಿದ್ಯುತ್ತು ಆ ತುಂಡು ತಂತಿಯ ದಾರಿಯಲ್ಲಿ ಕಾರಿನ ಮೈಗೆ ಬರುತ್ತದೆ. ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟುವ ಮಗುವೇ ಆಗ ಅರ್ಥಿಂಗ್ ಆಗಬೇಕಾಗುತ್ತದೆ. ಚಾರ್ಜರ್ ಕೆಂಪು ದೀಪ ತೋರಿ ನಮ್ಮನ್ನು ಕಾಯುತ್ತಿತ್ತು. ನಾವು ಅದರ ಕಣ್ಣಿಗೆ ಬಟ್ಟೆ ಕಟ್ಟಿದ್ದೆವು.

ಮರುದಿನ ಹೊಸ ಗುಂಡಿ ತೋಡಿಸಿ, ಕೊಳವೆ ಇಳಿಸಿ, ಬೇರೆ ತಂತಿ ಎಳೆಸಿದ ಮೇಲೆಯೇ ಕಾರು ಚಾರ್ಜಿಗೆ ನಿಂತಿತು.

ಎಷ್ಟು ದೊಡ್ಡ ಚಾರ್ಜರ್ ಬೇಕು?

ಸಾಮಾನ್ಯ ಕಾರು ಒಂದು ಯೂನಿಟ್ಟಿಗೆ ಸುಮಾರು 6ರಿಂದ 7 ಕಿ.ಮೀ. ಓಡುತ್ತದೆ. ದಿನಕ್ಕೆ 40 ಕಿ.ಮೀ. ಓಡಿಸುವವರಿಗೆ ಸುಮಾರು 6–7 ಯೂನಿಟ್ ಸಾಕು. 16 ಆಂಪಿಯರ್ ಪಾಯಿಂಟಿನಿಂದ 3 ಕಿಲೋವ್ಯಾಟಿನಷ್ಟು ಬಂದರೆ ಎರಡೂವರೆ ಗಂಟೆಯ ಕೆಲಸ. 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ಕಾರು ಕೂಡ ಮನೆಯ 15 ಆಂಪಿಯರ್ ಪ್ಲಗ್ಗಿನಿಂದಲೇ ಚಾರ್ಜ್ ಆಗುತ್ತಿತ್ತು.

ಗೋಡೆಗೆ ಹಾಕುವ 7.2 ಕಿಲೋವ್ಯಾಟ್ ಪೆಟ್ಟಿಗೆ 32 ಆಂಪಿಯರ್ ಎಳೆಯುತ್ತದೆ. ದಿನವೂ ದೂರ ಓಡುವವರಿಗೆ ಅದು ಉಪಯುಕ್ತ. ಆದರೆ ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟಿನದಾಗಿದ್ದರೆ ಹೊರಗೆ ಎಷ್ಟು ದೊಡ್ಡ ಪೆಟ್ಟಿಗೆ ಹಾಕಿದರೂ ವೇಗ ಹೆಚ್ಚದು. ಕೊಳ್ಳುವ ಮೊದಲು ಇದನ್ನು ವಿಚಾರಿಸತಕ್ಕದ್ದು.

ಅಳವಡಿಸುವಾಗ ಗಮನಿಸಬೇಕಾದವು

1. ಚಾರ್ಜರಿಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ತಾಮ್ರದ ತಂತಿ ಎಳೆಸಿರಿ. 40 ಮೀಟರ್ ದೂರದ ಶೆಡ್ಡಿಗೆ 2.5 ಚದರ ಮಿ.ಮೀ. ತಂತಿಯಲ್ಲಿ 16 ಆಂಪಿಯರ್ ಹರಿದರೆ 9–10 ವೋಲ್ಟ್ ತಂತಿಯಲ್ಲೇ ಕಳೆಯುತ್ತದೆ. 4 ಚದರ ಮಿ.ಮೀ. ಆದರೆ ಸುಮಾರು 6 ವೋಲ್ಟ್. ಮೊದಲೇ ವೋಲ್ಟೇಜ್ ಕಡಿಮೆ ಇರುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. 32 ಆಂಪಿಯರಿಗೆ 6 ಚದರ ಮಿ.ಮೀ.ಗಿಂತ ಕಡಿಮೆಯದು ಬೇಡ.

2. ಅರ್ಥಿಂಗನ್ನು ಮೀಟರ್ ಇಟ್ಟು ಅಳೆಸಿರಿ. 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು. ಮಳೆಗಾಲದಲ್ಲಿ ಅಳೆದು ನೆಮ್ಮದಿಯಾಗಿರಬೇಡಿ. ಏಪ್ರಿಲ್‌ನಲ್ಲಿ, ಜಂಬಿಟ್ಟಿಗೆ ನೆಲ ಒಣಗಿದಾಗ ಅಳೆಯಿರಿ.

3. ಎಂ.ಸಿ.ಬಿ. ಜೊತೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಕಡ್ಡಾಯವಾಗಿ ಹಾಕಿಸಿರಿ. ವಿದ್ಯುತ್ತು ಮನುಷ್ಯನ ಮೈಮೂಲಕ ನೆಲಕ್ಕೆ ಸೋರತೊಡಗಿದರೆ ಕ್ಷಣದಲ್ಲಿ ಕಡಿಯುವುದು ಇದೇ.

4. ನಮ್ಮಲ್ಲಿ ಸಿಡಿಲಿನ ಹಾವಳಿ ಹೆಚ್ಚು. ಸರ್ಜ್ ರಕ್ಷಕ ಹಾಕಿಸುವುದು ಲೇಸು. ಗುಡುಗು ಕೇಳಿದೊಡನೆ ಚಾರ್ಜಿಂಗ್ ನಿಲ್ಲಿಸಿ ಪ್ಲಗ್ ತೆಗೆಯುವುದು ಇನ್ನೂ ಲೇಸು.

ಮೀಟರು ಮತ್ತು ಬಿಲ್ಲು

ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿರಿ. ಸಾಲದಿದ್ದರೆ ನಿಮ್ಮ ಭಾಗದ ಮೆಸ್ಕಾಂ, ಸೆಸ್ಕ್ ಅಥವಾ ಹೆಸ್ಕಾಂ ಉಪವಿಭಾಗ ಕಛೇರಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿರಿ.

ತಿಂಗಳಿಗೆ ಸಾವಿರ ಕಿ.ಮೀ. ಓಡಿದರೆ ಕಾರಿಗೇ ಸುಮಾರು 150 ಯೂನಿಟ್ ಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ನಿಯಮದಂತೆ ಬಳಕೆ 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಈ ಲೆಕ್ಕವನ್ನು ಕಾರು ಕೊಳ್ಳುವ ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು.

ಪಂಪ್‌ಸೆಟ್ ಲೈನಿನಿಂದ ಕಾರು ಚಾರ್ಜ್ ಮಾಡುವ ಯೋಚನೆ ಮಾತ್ರ ಯಾರಿಗೂ ಬರಬಾರದು. ನೀರಾವರಿಗೆಂದು ಪಡೆದ ಸಂಪರ್ಕವನ್ನು ಬೇರೆ ಕೆಲಸಕ್ಕೆ ಬಳಸುವುದು 2003ರ ವಿದ್ಯುತ್ ಕಾಯ್ದೆಯ 126ನೆಯ ಕಲಮಿನಂತೆ ಅನಧಿಕೃತ ಬಳಕೆ. ದರದ ಎರಡರಷ್ಟು ಕಟ್ಟಬೇಕಾದೀತು.

ಲಕ್ಷಗಟ್ಟಲೆ ಕೊಟ್ಟು ಕಾರು ತರುವ ನಾವು ಅರ್ಥಿಂಗ್ ಗುಂಡಿಗೆ ಕೆಲವು ಸಾವಿರ ಕೊಡಲು ಹಿಂದೆಮುಂದೆ ನೋಡಬಾರದು. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿರಿ. ಯಾರಾದರೂ “ಒಂದು ತುಂಡು ವೈರ್ ಸಾಕು” ಎಂದರೆ ಅವರಿಗೆ ಕಾಫಿ ಕೊಟ್ಟು ಕಳುಹಿಸಿರಿ, ಕೆಲಸ ಕೊಡಬೇಡಿರಿ.

— ಕಾರ್ಯದರ್ಶಿ