ಕೋಳಿಸಾಕಣೆಯ ಉದ್ಯಮವು ಬೆಳೆದ ಬಗೆ: ಬಿಕ್ಕೋಡು ಹೋಬಳಿಯ ಹಿಡುವಳಿದಾರರು ಗಮನಿಸತಕ್ಕ ಅಂಶಗಳು

ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯು ಮಲೆನಾಡಿನ ಸೆರಗಿನಲ್ಲಿರುವುದು. ಕಾಫಿ, ಮೆಣಸು, ಬತ್ತಗಳು ಇಲ್ಲಿಯ ಮುಖ್ಯ ಬೆಳೆಗಳು. ಹಿತ್ತಲಿನಲ್ಲಿ ತಿರುಗುವ ನಾಟಿಕೋಳಿಗೆ ಯಾರೂ ಲೆಕ್ಕ ಬರೆದಿಡುವುದಿಲ್ಲ. ಅದು ಕಣದ ಕಾಳನ್ನೂ ತಿಪ್ಪೆಯ ಹುಳುವನ್ನೂ ತಿಂದು ಬೆಳೆದು, ನೆಂಟರ ಊಟಕ್ಕೂ ಸಂತೆಯ ಕೈಖರ್ಚಿಗೂ ಒದಗುವುದು. ಇದೇ ಹಕ್ಕಿಯು ಈಗ ಸಾಲ, ಕರಾರು, ಮಾರುಕಟ್ಟೆಗಳ ಮಾತಾಗಿದೆ. ತನ್ನ ಜಮೀನಿನಲ್ಲಿ ಕೋಳಿಮನೆ ಕಟ್ಟಬೇಕೆ ಬೇಡವೆ ಎಂದು ಯೋಚಿಸುವ ಹಿಡುವಳಿದಾರರೂ, ಊರಿನ ಹಿತಕ್ಕೆ ಹೊಣೆಯಾದ ಮುಖಂಡರೂ ಈ ಉದ್ಯಮದ ಚರಿತ್ರೆಯನ್ನು ಅರಿತಿರುವುದು ಮೇಲು. ಇದರ ಲಾಭವೂ ಅಪಾಯವೂ ಆ ಚರಿತ್ರೆಯಲ್ಲಿಯೇ ಅಡಗಿರುವುವು.

ಮೂಲ

ಸಾಕುಕೋಳಿಯ ಮುಖ್ಯ ಮೂಲವು ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ಪಶ್ಚಿಮಘಟ್ಟದ ಕಾಡುಗಳಲ್ಲಿ ಕೂಗುವ ಬೂದು ಕಾಡುಕೋಳಿಗೂ ಇದರಲ್ಲಿ ಪಾಲುಂಟು. ಅನೇಕ ತಳಿಗಳ ಹಳದಿ ಚರ್ಮದ ಗುಣವು ಅದರಿಂದಲೇ ಬಂದುದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿದೆ.

ಹೇಂಟೆಯು 21 ದಿನ ಕಾವು ಕೊಟ್ಟು, ಆ ಮೇಲೆ ಮರಿಗಳನ್ನು ಮೇಯಿಸಿಕೊಂಡು ತಿರುಗುವುದು. ಅಷ್ಟು ಕಾಲವೂ ಅದು ಮೊಟ್ಟೆ ಇಡುವುದಿಲ್ಲ. ಈ ಕಟ್ಟು ಇರುವ ತನಕ ಕೋಳಿಸಾಕಣೆಯು ಉದ್ಯಮವಾಗುವಂತಿರಲಿಲ್ಲ.

ಹೊರದೇಶದಲ್ಲಿ ನಡೆದುದು

ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಪೆಟಲೂಮದಲ್ಲಿ 1879ರಲ್ಲಿ ಲೈಮನ್ ಬೈಸ್ ಎಂಬವನು ಉಪಯೋಗಕ್ಕೆ ಒದಗುವ ಕಾವುಪೆಟ್ಟಿಗೆಯನ್ನು ರೂಪಿಸಿದನು. ಹೇಂಟೆಯ ಹಂಗಿಲ್ಲದೆ ನೂರಾರು ಮರಿಗಳು ಒಟ್ಟಿಗೆ ದೊರೆಯುವಂತಾದುವು. 1923ರಲ್ಲಿ ಡೆಲವೇರ್ ಪ್ರಾಂತದ ಸಿಸಿಲ್ ಸ್ಟೀಲ್ ಎಂಬ ಗೃಹಿಣಿಯು 50 ಮರಿಗಳನ್ನು ಕೇಳಿದ್ದಕ್ಕೆ ತಪ್ಪಿ 500 ಬಂದುವು. ಆಕೆ ಅವನ್ನು ಹಿಂದಿರುಗಿಸದೆ ಮಾಂಸಕ್ಕಾಗಿಯೇ ಬೆಳೆಸಿ ಮಾರಿ ಲಾಭ ಪಡೆದಳು. ಮಾಂಸದ ಕೋಳಿಯ ಪ್ರತ್ಯೇಕ ಉದ್ಯಮಕ್ಕೆ ಇದನ್ನೇ ಆರಂಭವೆಂದು ಎಣಿಸುವರು. ಬಿಸಿಲು ಕಾಣದ ಹಕ್ಕಿಗೆ ಕಾಲು ಸೊಟ್ಟಗಾಗುವುದು ಅಂದಿನ ದೊಡ್ಡ ತೊಡಕಾಗಿದ್ದಿತು. ಅದೇ ದಶಕದಲ್ಲಿ ಡಿ ಜೀವಸತ್ತ್ವದ ಗುಣವು ತಿಳಿದು, ಮೇವಿಗೆ ಮೀನೆಣ್ಣೆ ಬೆರೆಸತೊಡಗಿದ ಮೇಲೆ ವರ್ಷವೆಲ್ಲ ಮಾಡಿನ ಕೆಳಗೆ ಸಾಕುವುದು ಸಾಧ್ಯವಾಯಿತು.

ನಮ್ಮ ದೇಶದಲ್ಲಿ

ಹಿಂಡು ದೊಡ್ಡದಾದಷ್ಟೂ ರೋಗವು ಬೇಗ ಹರಡುವುದು. ನಾಟಿಕೋಳಿಯನ್ನು ಇಂದಿಗೂ ಊರೊಟ್ಟಿಗೆ ಒರೆಸಿಬಿಡುವ ಕೊಕ್ಕರೆ ರೋಗಕ್ಕೆ ರಾಣಿಖೇತ್ ಎಂಬ ಹೆಸರು ಬಂದುದು ಉತ್ತರದ ಬೆಟ್ಟದ ಊರೊಂದರಿಂದ. ಅಲ್ಲಿ ಅದನ್ನು 1920ರ ದಶಕದ ಕೊನೆಯಲ್ಲಿ ಗುರುತಿಸಲಾಯಿತು. ಇದಕ್ಕೆ ಮದ್ದಿಲ್ಲ, ಲಸಿಕೆಯುಂಟು. ಲಸಿಕೆಯು ದೊರೆತ ಮೇಲೆಯೇ ದೊಡ್ಡ ಹಿಂಡುಗಳಲ್ಲಿ ಹಣ ಹೂಡುವ ಧೈರ್ಯ ಬಂದಿತು.

1950-51ರಲ್ಲಿ ಭಾರತದ ಮೊಟ್ಟೆಯ ಉತ್ಪತ್ತಿಯು ಸುಮಾರು 183 ಕೋಟಿಯಾಗಿದ್ದಿತು. 2022-23ರಲ್ಲಿ ಅದು 13,800 ಕೋಟಿಯನ್ನು ಮೀರಿತು. ಸರ್ಕಾರದ ಸಾಕಣಾಕೇಂದ್ರಗಳೂ, 1960ರ ದಶಕದ ತರುವಾಯ ಬಂದ ಮಿಶ್ರತಳಿಗಳೂ, ಮರಿ ಮಾಡಿಸುವ ದೊಡ್ಡ ಸಂಸ್ಥೆಗಳೂ ಈ ಬೆಳವಣಿಗೆಗೆ ಕಾರಣ. ನಮ್ಮ ನಾಡಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರವು ತಳಿ ಅಭಿವೃದ್ಧಿಗೂ ತರಬೇತಿಗೂ ಹೆಸರಾಯಿತು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಗಿರಿರಾಜ ತಳಿಯು ರೂಪುಗೊಂಡು 1989ರಲ್ಲಿ ಬಿಡುಗಡೆಯಾಯಿತು. ಇದು ಹಿತ್ತಲಿನಲ್ಲಿ ಮೇಯತಕ್ಕ ಹಕ್ಕಿಯಾಗಿದ್ದು, ನಾಟಿಕೋಳಿಗಿಂತ ಬೇಗ ತೂಗುವುದು, ಹೆಚ್ಚು ಮೊಟ್ಟೆಯನ್ನೂ ಇಡುವುದು.

ಮೊಟ್ಟೆಯು ಹೆಚ್ಚಿದಂತೆ ಬೆಲೆ ಕುಸಿಯಿತು. ಅಸಲು ಹುಟ್ಟದೆ ನೊಂದ ಸಾಕಣೆದಾರರು 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯನ್ನು ಕಟ್ಟಿಕೊಂಡರು. ಅದು ದಿನದಿನವೂ ಪ್ರಕಟಿಸುವ ದರಪಟ್ಟಿಯಲ್ಲಿ ಮೈಸೂರಿನ ದರವೂ ಇರುವುದು. ಒಬ್ಬೊಬ್ಬನಾಗಿ ಮಾರುವವನು ವರ್ತಕನು ಹೇಳಿದ ಬೆಲೆಗೆ ತಲೆದೂಗಬೇಕೆಂಬುದೂ, ಒಟ್ಟಾದರೆ ತಾನೂ ಒಂದು ಬೆಲೆ ಹೇಳಬಹುದೆಂಬುದೂ ಇದರ ಪಾಠ.

ಲೆಕ್ಕದ ಮಾತು

ಮೊಟ್ಟೆಯ ಕೋಳಿಯೊಂದಕ್ಕೆ ದಿನಕ್ಕೆ ಸುಮಾರು 110 ಗ್ರಾಂ ಮೇವು ಬೇಕು. 1,000 ಕೋಳಿಗೆ ದಿನಕ್ಕೆ 110 ಕಿಲೋ, ತಿಂಗಳಿಗೆ 33 ಕ್ವಿಂಟಾಲ್. ಮೇವಿನ ಬೆಲೆಯು ಕಿಲೋಗೆ ಒಂದೇ ರೂಪಾಯಿ ಏರಿದರೂ ತಿಂಗಳಿಗೆ 3,300 ರೂಪಾಯಿ ಹೆಚ್ಚುವರಿ ವೆಚ್ಚ. ದಿನಕ್ಕೆ 900 ಮೊಟ್ಟೆ ಬಂದರೆ ಒಂದೊಂದಕ್ಕೂ 12 ಪೈಸೆಯಷ್ಟು ಹೊರೆ. ಒಟ್ಟು ವೆಚ್ಚದಲ್ಲಿ ಮೂರನೆಯ ಎರಡು ಪಾಲು ಮೇವಿನದೇ ಆದುದರಿಂದ, ಮುಸುಕಿನ ಜೋಳದ ಬೆಲೆಯನ್ನು ನೋಡದೆ ಕೋಳಿಮನೆಗೆ ತಳಪಾಯ ಹಾಕಲಾಗದು.

ಮಾಂಸದ ಕೋಳಿಯಲ್ಲಿ 1990ರ ದಶಕದಿಂದ ದಕ್ಷಿಣ ಭಾರತದಲ್ಲಿ ಕರಾರು ಪದ್ಧತಿಯು ಹರಡಿತು. ಮರಿ, ಮೇವು, ಔಷಧ ಕಂಪೆನಿಯವು. ಮನೆ, ನೀರು, ವಿದ್ಯುತ್ತು, ದುಡಿಮೆ ರೈತನವು. ಸುಮಾರು ಆರು ವಾರಗಳಲ್ಲಿ ಹಕ್ಕಿಯನ್ನು ಎತ್ತಿಕೊಂಡು ಹೋಗಿ, ಕಿಲೋಗೆ ಇಷ್ಟೆಂದು ಸಾಕಣೆಯ ಕೂಲಿ ಕೊಡುವರು. ಮಾರುಕಟ್ಟೆಯ ಏರಿಳಿತವು ರೈತನಿಗೆ ನೇರವಾಗಿ ತಟ್ಟದೆಂಬುದು ಇದರ ಗುಣ. ಕೋಳಿಮನೆಯ ಸಾಲವು ಹಲವು ವರ್ಷದ್ದು, ಮುಂದಿನ ತಂಡದ ಮರಿ ಯಾವಾಗ ಬರುವುದೆಂಬುದು ಕಂಪೆನಿಯ ಕೈಯಲ್ಲಿ. ಇದು ಅದರ ದೋಷ. ಮನೆಯು ಬರಿದಾಗಿ ನಿಂತ ತಿಂಗಳಲ್ಲಿಯೂ ಸಾಲದ ಕಂತು ನಿಲ್ಲುವುದಿಲ್ಲ. ಆದುದರಿಂದ ಕರಾರುಪತ್ರವನ್ನು ತಿಳಿದವರಿಂದ ಓದಿಸಿ, ವರ್ಷಕ್ಕೆ ಎಷ್ಟು ತಂಡ, ಸತ್ತ ಹಕ್ಕಿಯ ನಷ್ಟ ಯಾರದು, ಹಣವು ಎಷ್ಟು ದಿನಕ್ಕೆ ಬರುವುದು ಎಂಬ ಮೂರು ಮಾತುಗಳನ್ನು ಬರಹದಲ್ಲಿ ಪಡೆದ ಮೇಲೆಯೇ ರುಜು ಹಾಕತಕ್ಕದ್ದು.

ಮಲೆನಾಡಿನ ಎಚ್ಚರಿಕೆಗಳು

ಅರಸೀಕೆರೆಯ ಬಯಲಿನಲ್ಲಿ ಕೋಳಿಮನೆಗೆ ಬಿಸಿಲೇ ಶತ್ರು. ಬಿಕ್ಕೋಡಿನಲ್ಲಿ ಮಳೆಯ ತೇವ. ನೆಲಗಟ್ಟು ಎತ್ತರವಾಗಿಯೂ, ಸೂರು ಇರಚಲು ತಡೆಯುವಷ್ಟು ಮುಂದಕ್ಕೂ ಇರಬೇಕು. ಮನೆಯ ಉದ್ದವು ಪೂರ್ವಪಶ್ಚಿಮವಾಗಿರಲಿ. ನೆಲಕ್ಕೆ ಹಾಸಿದ ಬತ್ತದ ಹೊಟ್ಟು ಒದ್ದೆಯಾದರೆ ಕಣ್ಣುರಿಸುವ ವಾಸನೆಯೂ ರಕ್ತಭೇದಿಯೂ ಹುಟ್ಟುವುವು. ಅದನ್ನು ಆಗಾಗ್ಗೆ ಕೆದಕಿ ಒಣಗಿಸಬೇಕು. ಮೊದಲ ವಾರ ಮರಿಗಳಿಗೆ 95 ಡಿಗ್ರಿ ಫ್ಯಾರನ್‌ಹೀಟ್ ಶಾಖ ಬೇಕಾದುದರಿಂದ, ಮಳೆಗಾಲದಲ್ಲಿ ವಿದ್ಯುತ್ತು ಹೋದಾಗ ಬೇರೆ ಏರ್ಪಾಡು ಸಿದ್ಧವಿರಲಿ. ಗೊಬ್ಬರವನ್ನು ಚೆನ್ನಾಗಿ ಕೊಳೆಯಿಸಿ ಕಾಫಿಗೂ ಮೆಣಸಿಗೂ ಹಾಕಬಹುದು; ಇದು ಸಾಕಣೆಯ ಎರಡನೆಯ ಫಸಲು.

ಊರಿನ ಮುಖಂಡರು ಗಮನಿಸತಕ್ಕದ್ದು ಇನ್ನೊಂದುಂಟು. 2012ರಲ್ಲಿ ಹೆಸರಘಟ್ಟದ ಕೇಂದ್ರದಲ್ಲಿಯೇ ಹಕ್ಕಿಜ್ವರವು ಕಾಣಿಸಿಕೊಂಡು ಹಿಂಡುಗಳನ್ನು ಕೊಲ್ಲಬೇಕಾಯಿತು. ತಿಳಿದವರ ಅಂಗಳಕ್ಕೇ ಬಂದ ರೋಗವು ಹಳ್ಳಿಯನ್ನು ಬಿಡುವುದೆಂದು ನಂಬಿ ಕೂರಬಾರದು. ಸತ್ತ ಕೋಳಿಯನ್ನು ಹಳ್ಳಕ್ಕೆಸೆಯದೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿಸುವುದು, ಕೋಳಿಮನೆಯು ವಸತಿಯಿಂದಲೂ ಕುಡಿಯುವ ನೀರಿನಿಂದಲೂ ದೂರವಿರುವಂತೆ ನೋಡುವುದು, ಒಮ್ಮೆಗೇ ಹಲವು ಹಕ್ಕಿ ಸತ್ತರೆ ಪಶುವೈದ್ಯರಿಗೆ ಅಂದೇ ತಿಳಿಸುವುದು ಅವರ ಹೊಣೆ.

ಹಿತ್ತಲ ನಾಲ್ಕು ಕೋಳಿಗಳಿಗೆ ಲೆಕ್ಕ ಬೇಕಿಲ್ಲ. ಸಾವಿರ ಕೋಳಿಗಳಿಗೆ ಮೊದಲು ಲೆಕ್ಕದ ಪುಸ್ತಕ, ಆ ಮೇಲೆ ಮನೆ, ಕೊನೆಗೆ ಮರಿ. ಈ ಅನುಕ್ರಮವನ್ನು ಮೀರದವನಿಗೆ ಕೋಳಿಸಾಕಣೆಯು ಬೇಸಾಯದ ಜೊತೆಗೆ ಆಸರೆಯಾಗುವುದು.