ಬಂದೂಕು ಹಿಡಿಯಲು ಮಗು ಸಿದ್ಧವೇ?

ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಹಿರಿಯರು ಗುಂಡು ಹಾರಿಸುವುದನ್ನು ಕಂಡ ಕೊಡಗಿನ ಮಗು ‘ನನಗೂ ಕಲಿಸಿ’ ಎಂದು ಹಟ ಹಿಡಿದರೆ ಅಚ್ಚರಿಯಿಲ್ಲ. ಆದರೆ ಕಲಿಸುವ ಮುನ್ನ ಹೆತ್ತವರು ವಯಸ್ಸಿಗಿಂತ ನಡವಳಿಕೆಯನ್ನು ಗಮನಿಸಬೇಕು.

‘ನಿಲ್ಲು’ ಎಂದೊಡನೆ ನಿಲ್ಲುತ್ತದೆಯೇ? ಸೋತಾಗ ಕೈಯಲ್ಲಿದ್ದುದನ್ನು ಎಸೆಯುತ್ತದೆಯೇ? ಯಾರೂ ನೋಡದಾಗಲೂ ನಿಯಮ ಪಾಲಿಸುತ್ತದೆಯೇ?

ಉತ್ತರಗಳು ಸಮಾಧಾನ ತಂದರೆ ಕಲಿಕೆ ಶುರುಮಾಡಬಹುದು. ಮೊದಮೊದಲು ಖಾಲಿ ರೈಫಲ್ಲೇ ಸಾಕು: ನಳಿಕೆ ಸದಾ ಗುರಿಫಲಕದತ್ತ, ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗೆ. ಆಮೇಲೆ ತರಬೇತುದಾರರಿರುವ ರೇಂಜ್‌ನಲ್ಲಿ, ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಸಿ, 4.5 ಮಿ.ಮೀ. ಏರ್ ರೈಫಲ್, 10 ಮೀಟರ್ ದೂರ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಇದೇ ವಿಭಾಗದಲ್ಲಿ. ರೈಫಲ್ಲಿನ ಭಾರಕ್ಕೆ ತೋಳು ನಡುಗಿದರೆ ಆಸರೆಯ ಸ್ಟ್ಯಾಂಡ್ ಬೇಕು, ಇಲ್ಲವೇ ಇನ್ನೊಂದು ವರ್ಷ ಕಾಯುವುದು ಒಳಿತು.

ಮನೆಯ ಬಂದೂಕಿಗೆ ಬೀಗ, ಗುಂಡುಗಳಿಗೆ ಬೇರೆ ಕಪಾಟು. ಎರಡರ ಕೀಲಿಯೂ ದೊಡ್ಡವರ ಬಳಿಯೇ ಇರಬೇಕು.