ಮೈಸೂರು ವಾಸುದೇವಾಚಾರ್ಯರ ತೆಲುಗು

‘ಬ್ರೋಚೇವಾರೆವರುರಾ’ ಎಂಬ ಕೃತಿಯನ್ನು ಈ ಹೈದರಾಬಾದಿನಲ್ಲಿ ಕೇಳದ ಕಿವಿ ಅಪರೂಪ. 1980ರ ‘ಶಂಕರಾಭರಣಂ’ ಚಿತ್ರದಿಂದಾಗಿ ಸಂಗೀತ ಕಲಿಯದವರ ಬಾಯಿಗೂ ಅದು ಬಂದಿದೆ. ಕಚೇರಿಯಲ್ಲಿ ಯಾರಾದರೂ ಅದನ್ನು ತ್ಯಾಗರಾಜರದೆಂದರೆ ನಾವು ತಲೆಯಾಡಿಸಿ ಸುಮ್ಮನಾಗಬೇಕಾಗಿಲ್ಲ. ಅದನ್ನು ರಚಿಸಿದವರು ಮೈಸೂರಿನ ವಾಸುದೇವಾಚಾರ್ಯರು. ಚರಣದಲ್ಲಿ ಅವರ ‘ವಾಸುದೇವ’ ಅಂಕಿತವಿದೆ.

ಆದರೆ ಕನ್ನಡಿಗರು ತೆಲುಗಿನಲ್ಲೇಕೆ ಬರೆದರು? ಈ ಆಕ್ಷೇಪಣೆಯನ್ನು ನಮ್ಮವರೇ ಎತ್ತುವುದುಂಟು.

ಆಚಾರ್ಯರು ಹುಟ್ಟಿದ್ದು 1865ರಲ್ಲಿ. ಮೈಸೂರಿನಲ್ಲಿ ಸಂಸ್ಕೃತ ಓದಿದರು, ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತಕ್ಕೆ ತೊಡಗಿದರು. ಬಳಿಕ ಚಾಮರಾಜ ಒಡೆಯರು ಅರಮನೆಯ ಖರ್ಚಿನಿಂದ ಅವರನ್ನು ತಂಜಾವೂರು ಸೀಮೆಯ ತಿರುವೈಯಾರಿಗೆ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿಗೆ ಕಳುಹಿಸಿದರು. ಪಟ್ಣಂ ಅವರ ಗುರುಗಳು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್. ಅವರು ಸಾಕ್ಷಾತ್ ತ್ಯಾಗರಾಜರ ಶಿಷ್ಯರು. ಹೀಗೆ ಬೀದಿಯಲ್ಲಿ ತಮಿಳು, ಪಾಠದ ಹಾಡಿನಲ್ಲಿ ತೆಲುಗು, ಮನಸ್ಸಿನಲ್ಲಿ ತಾಯಿನುಡಿ ಕನ್ನಡ! ಪರ ಊರಿನಲ್ಲಿ ದುಡಿಯುವ ನಮಗೆ ಈ ಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ತ್ಯಾಗರಾಜರಾದರೂ ತಮಿಳು ನಾಡಿನಲ್ಲಿದ್ದುಕೊಂಡೇ ತೆಲುಗಿನಲ್ಲಿ ಹಾಡಿದವರು. ಆಚಾರ್ಯರಿಗೆ ಕೃತಿಯೆಂಬುದು ದೊರೆತದ್ದೇ ಆ ಭಾಷೆಯಲ್ಲಿ. ಅವರ ಸುಮಾರು 200 ರಚನೆಗಳಲ್ಲಿ ಹೆಚ್ಚಿನವು ತೆಲುಗು ಇಲ್ಲವೆ ಸಂಸ್ಕೃತದವು.

ಗುರುವಿನ ಪ್ರಭಾವವನ್ನು ಕಿವಿಯಿಂದಲೇ ತಿಳಿಯಬಹುದು. ‘ಬ್ರೋಚೇವಾರೆವರುರಾ’ ಖಮಾಚ್ ರಾಗದ್ದು. ಕಲಬುರ್ಗಿ, ಬೀದರ ಕಡೆಯ ನಮ್ಮ ಬಂಧುಗಳು ಕೇಳಿರುವ ಹಿಂದೂಸ್ತಾನಿ ಖಮಾಜಿಗೆ ಇದು ನಂಟು, ಆದರೆ ಅದೇ ಅಲ್ಲ. ಇಲ್ಲಿ ಸ್ವರ ಷಡ್ಜದಿಂದ ಮಧ್ಯಮಕ್ಕೆ ನೆಗೆದು, ಗಾಂಧಾರಕ್ಕೆ ಹಿಂದಿರುಗಿ, ಆಮೇಲೆ ಮೇಲೇರುತ್ತದೆ: ಸ ಮ ಗ ಮ ಪ ದ ನಿ ಸ. ಮುಂದಿನ ಸಲ ಕೇಳುವಾಗ ಸಾಹಿತ್ಯವನ್ನು ಬಿಟ್ಟು, ಬರಿಯ ಸ್ವರಗಳಿಂದಲೇ ಸಾಗುವ ಚಿಟ್ಟೆಸ್ವರದ ಭಾಗಕ್ಕೆ ಕಿವಿಗೊಡಿರಿ. ಚುರುಕಾದ ಸ್ವರ ಜೋಡಣೆ ಪಟ್ಣಂ ಅವರ ಕೈವಾಡ. ಕದನಕುತೂಹಲ ರಾಗದ ಅವರ ‘ರಘುವಂಶ ಸುಧಾ’ ಕೇಳಿದವರಿಗೆ ಗುರುಶಿಷ್ಯರ ಹೋಲಿಕೆ ಕೂಡಲೇ ಹೊಳೆಯುತ್ತದೆ.

ಮೈಸೂರು ಆಸ್ಥಾನದ ವಿದ್ವಾಂಸರಾಗಿ ಬಾಳಿದ ಆಚಾರ್ಯರು ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಹೋದರು. ರುಕ್ಮಿಣೀದೇವಿಯವರ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಕಟ್ಟಿದರು. ಅವುಗಳಲ್ಲಿ ಮೊದಲನೆಯದಾದ ‘ಸೀತಾ ಸ್ವಯಂವರಂ’ 1955ರದು. ಆಗ ಅವರಿಗೆ ವಯಸ್ಸು 90! 1959ರಲ್ಲಿ ಪದ್ಮಭೂಷಣ ಬಂದಿತು; 1961ರಲ್ಲಿ ತೀರಿಕೊಂಡರು. ಉಳಿದ ಕೆಲಸವನ್ನು ಮೊಮ್ಮಗ ರಾಜಾರಾಂ ಪೂರೈಸಿದರು.

ಕನ್ನಡಕ್ಕೇನು ಕೊಟ್ಟರೆಂದು ಕೇಳುವವರು ಅವರ ‘ನಾ ಕಂಡ ಕಲಾವಿದರು’ ಓದಬೇಕು. ಹಾಡಿಗೆ ತೆಲುಗನ್ನು ಆರಿಸಿಕೊಂಡವರು ತಮ್ಮ ಕಾಲದ ವಿದ್ವಾಂಸರ ಕಥೆಯನ್ನು ಹೇಳಲು ಕುಳಿತಾಗ ಕೈಗೆತ್ತಿಕೊಂಡದ್ದು ಕನ್ನಡವನ್ನೇ.